ಒಂದು ಗಜದ ನ್ಯಾಯ

ಬಾಯಿ ಮುಚ್ಚಿಕೊಂಡು ಸಿಹಿ ಕಟ್ಟಿಸಿಕೊಂಡು ಬಂದಿದ್ದರೆ ಕ್ಯಾಜಿಮಿರ್ ವೊಜಿಕ್‌ಗೆ ಆ ಭಾನುವಾರ ಏನೂ ಆಗುತ್ತಿರಲಿಲ್ಲ. ದಕ್ಷಿಣ ಫಿಲಡೆಲ್ಫಿಯಾದಲ್ಲೇ ಹುಟ್ಟಿ ಐವತ್ತು ದಾಟಿದವನು, ಸಿಟಿ ಬಸ್ಸು ಓಡಿಸುತ್ತ ದಿನಾ ಊರಿನ ಬಾಯಿಯನ್ನೆಲ್ಲ ಸಹಿಸಿಕೊಂಡವನು. ಪಂದ್ಯದ ದಿನ ಬೇಕರಿಯ ಸಾಲಿನಲ್ಲಿ ನಿಂತು ಅಭಿಪ್ರಾಯ ಹೇಳಬಾರದು ಅನ್ನುವಷ್ಟು ಬುದ್ಧಿಯಾದರೂ ಬೇಡವೇ?

ಸಾಲಿನಲ್ಲಿ ಮಾತು ನಮ್ಮೂರ ಅಮೆರಿಕನ್ ಫುಟ್‌ಬಾಲ್ ತಂಡದ ನೂಕಾಟದ ಕಡೆ ಹೊರಳಿತ್ತು. ದಾಟಬೇಕಾದ್ದು ಒಂದೇ ಗಜ ಉಳಿದಾಗ ಚೆಂಡು ಹಿಡಿದವನು ತಲೆ ತಗ್ಗಿಸಿ ನುಗ್ಗುತ್ತಾನೆ, ಹಿಂದೆ ನಿಂತವರು ಅವನ ಕುಂಡಿಗೆ ಕೈ ಕೊಟ್ಟು ಗೆರೆಯಾಚೆ ತಳ್ಳುತ್ತಾರೆ. ನಮ್ಮೂರಿನವರು ಅದನ್ನು ದೇವರು ಕೊಟ್ಟ ವಿದ್ಯೆ ಎಂದು ನಂಬಿದ್ದಾರೆ. ಉಳಿದ ದೇಶದವರು ಅನ್ಯಾಯ ಎಂದು ಬಾಯಿ ಬಡಿದುಕೊಳ್ಳುತ್ತಾರೆ.

"ನಿಜ ಹೇಳ್ಬೇಕಂದ್ರೆ ಅದು ಅನ್ಯಾಯಾನೇ," ಅಂದ ಕ್ಯಾಜ್. "ಹಿಂದಿಂದ ಹಂಗೆ ನೂಕಿದ್ರೆ ನಮ್ಮಜ್ಜಿ ಬೀರೂನೂ ಒಂದು ಗಜ ಮುಂದೆ ಹೋಗುತ್ತೆ. ಅದರಲ್ಲಿ ಆಟ ಎಲ್ಲಿ ಬಂತು?"

ಒಡತಿ ಫಿಲೊಮಿನಾ, ದಾರ ಸುತ್ತಿ ಅವನ ಕಡೆ ಚಾಚಿದ್ದ ಕನೋಲಿ ಸಿಹಿಯ ಡಬ್ಬಿಯನ್ನು ಹಾಗೇ ಹಿಂದಕ್ಕೆ ಎಳೆದುಕೊಂಡಳು.

"ಕನೋಲಿ ಖಾಲಿ."

"ನಿಮ್ಮ ಕೈಯಲ್ಲೇ ಇದೆಯಲ್ಲ?"

"ಇದು ಆಟ ಗೊತ್ತಿರೋರಿಗೆ. ನಡಿ, ಹಿಂದಿನೋರಿಗೆ ಜಾಗ ಬಿಡು."

ಆ ಡಬ್ಬಿ ಸಾಮಾನ್ಯದ್ದಲ್ಲ. ಹೆಂಡತಿ ತೀರಿಕೊಂಡ ಮೇಲೆ ವರ್ಷಗಟ್ಟಲೆ ಒಬ್ಬನೇ ಸೂಪು ಬಿಸಿ ಮಾಡಿಕೊಂಡು ಕುಡಿದ ಕ್ಯಾಜ್‌ಗೆ, ಪಕ್ಕದ ಬೀದಿಯ ವಿಧವೆ ಲೊರೆಟ್ಟಾ ಮದುವೆಗೆ ಹೂಂ ಅಂದಿದ್ದಳು. ಆದರೆ ಮಾಂಸದಂಗಡಿಯ ಅಣ್ಣ ನುನ್ಸಿಯೊ ಒಪ್ಪಬೇಕು, ಅವನ ಮಾತು ದಾಟಿ ತಾನು ಬರುವುದಿಲ್ಲ ಎಂದಿದ್ದಳು. ಕೇಳುವುದು ಇವತ್ತೇ, ಆ ಡಬ್ಬಿ ಹಿಡಿದು ಹೋಗಿ, ಅಣ್ಣನ ಮನೆಯ ಭಾನುವಾರದ ಊಟಕ್ಕೆ ಕೂತು, ಪಂದ್ಯ ನೋಡುತ್ತ. ನುನ್ಸಿಯೊ ಎಂಥವನು ಅಂದರೆ, ಅವನ ಅಂಗಡಿಯ ಕತ್ತಿಯ ಹಿಡಿಗೂ ತಂಡದ ಹಸಿರು ಬಣ್ಣವೇ.

ಕ್ಯಾಜ್ ಬರಿಗೈಯಲ್ಲಿ ಚರ್ಚಿಗೆ ಹೋದ. ಸುದ್ದಿ ಅವನಿಗಿಂತ ಮೊದಲೇ ಬಂದು ಮುಂದಿನ ಬೆಂಚಿನಲ್ಲಿ ಕೂತಿತ್ತು. ಪೂಜೆ ಮುಗಿದ ಮೇಲೆ ಬಾಗಿಲಲ್ಲಿ ಫಾದರ್ ಮಲಾಕಿ ಅವನ ಕೈ ಹಿಡಿದವರು ಬಿಡಲೇ ಇಲ್ಲ.

"ಯೇಸುಸ್ವಾಮಿ ಶಿಲುಬೆ ಹೊತ್ತು ಗುಡ್ಡ ಹತ್ತುವಾಗ ಸೀಮೋನ ಹಿಂದಿನಿಂದ ಕೈ ಕೊಟ್ಟ. ಅದೂ ಫೌಲಾ ಮಗನೇ?"

"ಅದು ಬೇರೆ, ಫಾದರ್."

"ಹೇಗೆ ಬೇರೆ? ಹೇಳು, ನನಗೂ ತಿಳೀಲಿ."

ಹಿಂದೆ ನಿಂತವರು ಕಿಸಕ್ಕನೆ ನಕ್ಕರು. ಕ್ಯಾಜ್‌ಗೆ ಮೈ ಉರಿದುಹೋಯಿತು. ಆಡಿದ್ದು ಒಂದು ಮಾತು, ಅದಕ್ಕೆ ಬೈಬಲ್ಲನ್ನೂ ಎಳೆದು ತರಬೇಕೇ?

ಮನೆಗೆ ಬಂದರೆ ಅದಕ್ಕಿಂತ ಘೋರ ಕಾದಿತ್ತು. ಬೆಳಗಿನ ಜಾವ ಸೊಂಟ ಮುರಿದುಕೊಂಡು ಹಿಮ ಗೋರಿ, ಕಾರು ನಿಲ್ಲಿಸಲು ಜಾಗ ಮಾಡಿ, ಅಲ್ಲೊಂದು ಕುರ್ಚಿ ಇಟ್ಟು ಹೋಗಿದ್ದ. ಹಾಗೆ ಇಟ್ಟ ಕುರ್ಚಿಯನ್ನು ನಮ್ಮ ಬೀದಿಯಲ್ಲಿ ಕಳ್ಳನೂ ಮುಟ್ಟುವುದಿಲ್ಲ. ಈಗ ಕುರ್ಚಿ ಕಾಲು ಮೇಲಾಗಿ ಹಿಮದ ಗುಡ್ಡೆಯಲ್ಲಿ ಹೂತಿತ್ತು, ಜಾಗದಲ್ಲಿ ಎದುರುಮನೆ ಆರ್ಚಿಬಾಲ್ಡನ ವ್ಯಾನು ನಿಂತಿತ್ತು.

"ಇದು ನ್ಯಾಯಾನೇನಯ್ಯ?" ಎಂದು ಕ್ಯಾಜ್ ಕಿರುಚಿದ.

ಆರ್ಚಿಬಾಲ್ಡ್ ಕಿಟಕಿಯಿಂದ ತಲೆ ಹಾಕಿದ. "ನ್ಯಾಯದ ವಿಚಾರ ನಿಂಗೇ ಚೆನ್ನಾಗಿ ಗೊತ್ತಲ್ಲ. ನಾನು ಹಿಂದಿಂದ ನೂಕ್ಲಿಲ್ಲಪ್ಪ, ಕುರ್ಚೀನ ಮುಂದಿಂದಾನೇ ಎತ್ತಿದ್ದು."

ದೂರದಲ್ಲೆಲ್ಲೋ ಕಾರು ನಿಲ್ಲಿಸಿ, ಕೆಸರು ತುಳಿಯುತ್ತ ಬರುವಾಗ ಲೊರೆಟ್ಟಾಳ ಫೋನು ಬಂತು.

"ಅಣ್ಣನ ಕಿವಿಗೂ ಬಿದ್ದಿದೆ, ಕ್ಯಾಜ್."

"ಏನಂದ್ರು?"

"ಬರ್ಲಿ, ನನ್ನ ಮುಖ ನೋಡ್ಕೊಂಡು ಮಾತಾಡ್ಲಿ ಅಂದ. ನೀವೇನೂ ಹೆದರ್ಬೇಡಿ. ನಾನಿದ್ದೀನಲ್ಲ."

ಹೆದರಬೇಡಿ ಎಂದು ಯಾರಾದರೂ ಹೇಳಿದರೆ, ಹೆದರುವಂಥದ್ದು ಏನೋ ಇದೆ ಎಂದೇ ಲೆಕ್ಕ. ನುನ್ಸಿಯೊನ ಮನೆ ಮುಟ್ಟುವಷ್ಟರಲ್ಲಿ ಕ್ಯಾಜ್ ಪಾಠ ಒಪ್ಪಿಸುವುದಕ್ಕೆ ಸಿದ್ಧನಾಗಿದ್ದ. ನೆಂಟರಿಷ್ಟರೆಲ್ಲ ಟಿವಿ ಮುಂದೆ ನೆರೆದಿದ್ದರು. ಅವನು ಕೋಟು ತೆಗೆಯುವುದಕ್ಕೂ ಮೊದಲೇ ಶುರು ಮಾಡಿದ.

"ನುನ್ಸಿಯೊ ಅವ್ರೇ, ಬೆಳಗ್ಗೆ ನನ್ನ ಬಾಯಿಗೆ ಬುದ್ಧಿ ಇರ್ಲಿಲ್ಲ. ನೂಕಾಟಕ್ಕಿಂತ ನ್ಯಾಯವಾದ ಆಟ ಭೂಮಿ ಮೇಲೆ ಇಲ್ಲ. ನಿಯಮದಲ್ಲಿದೆ, ನೂಕ್ತೀವಿ. ಕೈಲಾದ್ರೆ ಅವ್ರೂ ನೂಕ್ಲಿ, ಬೇಡ ಅಂದೋರ್ಯಾರು?"

ನುನ್ಸಿಯೊ ಅವನನ್ನು ನೋಡಿದ. ಆಮೇಲೆ ತಂಗಿಯನ್ನು ನೋಡಿದ.

"ಮನಸ್ಸಿಂದ ಹೇಳ್ತಿದ್ದೀಯಾ?"

"ನಮ್ಮಮ್ಮನಾಣೆ."

"ಸರಿ ಬಿಡು. ಕೂತ್ಕೋ, ಊಟ ಮಾಡು."

ಲೊರೆಟ್ಟಾ ಮುಖ ತಿರುಗಿಸಿಕೊಂಡು ಅಡುಗೆಮನೆಗೆ ಹೋದಳು. ನಾಚಿಕೆ ಇರಬೇಕು ಎಂದುಕೊಂಡ ಕ್ಯಾಜ್. ಎಲ್ಲರ ತಟ್ಟೆಗೂ ಟೊಮೆಟೊ ಸಾರಿನಲ್ಲಿ ಬೆಂದ ಮಾಂಸದ ಉಂಡೆ ರಾಶಿಯಾಗಿ ಬಿದ್ದರೆ, ಅವನ ತಟ್ಟೆಗೆ ಬಿದ್ದದ್ದು ಒಂದೇ. ಅದನ್ನೂ ಅವನು ಪ್ರೀತಿಯ ಲೆಕ್ಕಕ್ಕೇ ಬರೆದುಕೊಂಡ. ನಮ್ಮವರು ನೂಕಿ ಗೆರೆ ದಾಟಿದಾಗಲೆಲ್ಲ ಎಲ್ಲರಿಗಿಂತ ಮೊದಲು ಎದ್ದು ಚಪ್ಪಾಳೆ ಹೊಡೆದವನೂ ಅವನೇ.

ಕೊನೆಯ ನಿಮಿಷ ಬಂತು. ನಮ್ಮವರೇ ಸ್ವಲ್ಪ ಮುಂದಿದ್ದರು. ಚೆಂಡು ಎದುರಾಳಿ ಡಲ್ಲಾಸಿನವರ ಕೈಯಲ್ಲಿತ್ತು, ಅವರು ದಾಟಬೇಕಾದ್ದು ಒಂದೇ ಗಜ. ಚೆಂಡು ಹಿಡಿದವನು ತಲೆ ತಗ್ಗಿಸಿದ. ಹಿಂದೆ ಇಬ್ಬರು ಧಡಿಯರು ಬಂದು ನಿಂತರು. ನೂಕಿದರು. ಮನುಷ್ಯರ ಮೆದೆಯಂಥದ್ದೊಂದು ನಿಧಾನಕ್ಕೆ ಗೆರೆಯಾಚೆ ಮಗುಚಿತು, ನಾವು ಸೋತೆವು.

ನುನ್ಸಿಯೊ ಮುಳ್ಳುಚಮಚ ಕೆಳಗಿಟ್ಟ.

"ಇದು ಶುದ್ಧ ಮೋಸ. ಹಿಂದಿಂದ ನೂಕಿದ್ರೆ ಯಾರು ಬೇಕಾದ್ರೂ ದಾಟ್ತಾರೆ. ಅದರಲ್ಲಿ ಆಟ ಎಲ್ಲಿ ಬಂತು?"

ಹೌದು ಹೌದು ಎಂದರು ನೆಂಟರೆಲ್ಲ. ಕ್ಯಾಜ್‌ಗೆ ಹೋದ ಜೀವ ಬಂದಂತಾಯಿತು.

"ನಾನು ಬೆಳಗ್ಗೆ ಬಡ್ಕೊಂಡಿದ್ದೂ ಇದನ್ನೇ ಅಲ್ವಾ?"

"ಬೆಳಗ್ಗೆ ಇದನ್ನಂದೆ," ಅಂದ ನುನ್ಸಿಯೊ. "ಮಧ್ಯಾಹ್ನ ನನ್ನ ಮನೇಲಿ ನಿಂತು, ಹೆತ್ತ ತಾಯಿ ಮೇಲೆ ಆಣೆ ಇಟ್ಟು ಅದನ್ನಂದೆ."

ಕ್ಯಾಜ್ ಲೊರೆಟ್ಟಾಳ ಕಡೆ ತಿರುಗಿದ. ಅವಳ ಕಣ್ಣು ಕೆಂಪಾಗಿತ್ತು.

"ಈ ಕೇರೀಲಿ ಅಣ್ಣಂಗೆ ಹೆದರದೇ ಇರೋ ಗಂಡಸು ಒಬ್ಬನಾದ್ರೂ ಇದಾನಲ್ಲ ಅಂತ ಬೆಳಗ್ಗೆ ಎಷ್ಟು ಹಿಗ್ಗಿದ್ದೆ ಗೊತ್ತಾ? ಮದುವೆ ಅಂತ ಆದ್ರೆ ಇಂಥೋನನ್ನೇ ಆಗ್ತೀನಿ ಅಂತ ಅಣ್ಣನ ಹತ್ರ ಜಗಳಾನೇ ಆಡಿದೆ. ಅವನು ಒಪ್ಪಿಯೂ ಒಪ್ಪಿದ್ದ."

"ಒಪ್ಪಿದ್ರಾ?" ಅಂದ ಕ್ಯಾಜ್.

"ಒಪ್ಪಿದ್ದೆ," ಅಂದ ನುನ್ಸಿಯೊ. "ನನ್ನ ಮುಖ ನೋಡ್ಕೊಂಡು ಅದೇ ಮಾತು ಹೇಳಿದ್ರೆ, ಚೆನ್ನಾಗಿ ಉಗಿದು, ವೈನ್ ಕುಡಿಸಿ, ತಂಗೀನ ಕೊಟ್ಟುಬಿಡೋಣ ಅಂತಿದ್ದೆ. ಈಗ್ಲೂ ಕೊಡ್ತೀನಿ. ಬೆಳಗ್ಗೆ ಬೇಕರೀಲಿ ಮಾತಾಡ್ದೋನು ಎಲ್ಲಾದ್ರೂ ಸಿಕ್ಕಿದ್ರೆ ಕಳಿಸ್ಕೊಡು."

ಲೊರೆಟ್ಟಾ ಆಗಲೇ ಕ್ಯಾಜ್‌ನ ಕೋಟು ತಂದು ಬಾಗಿಲಲ್ಲಿ ಹಿಡಿದು ನಿಂತಿದ್ದಳು.