ಹರಕೆಯ ಸೈಕಲ್ಲಿಗೆ ಕುಸುಬೆ ಎಣ್ಣೆ

ಸೈಕಲ್ಲು ಬಿಚ್ಚಿ ಜೋಡಿಸಲು ಏಳನೆಯ ಇಯತ್ತೆಯ ವಿದ್ಯೆ ಧಾರಾಳ ಸಾಕು ಎಂದು ನಾನು ನಂಬಿದ್ದೆ. ಬಿಚ್ಚುವ ಮಟ್ಟಿಗೆ ಆ ನಂಬಿಕೆ ಸುಳ್ಳಾಗಲಿಲ್ಲ.

ಸೈಕಲ್ಲು ನನ್ನ ಅಣ್ಣ ಶರಣಪ್ಪನದು. ಹಿಂದಿನ ವರ್ಷ ಕಾಮಾಲೆಯಾಗಿ ನಾನು ಹಾಸಿಗೆ ಹಿಡಿದಾಗ, ತಮ್ಮ ಎದ್ದು ಕೂತರೆ ಸಿಂದಗಿಯಿಂದ ಶ್ರೀಶೈಲಕ್ಕೆ ಸೈಕಲ್ ತುಳಿದುಕೊಂಡು ಬರುತ್ತೇನೆಂದು ಅವನು ಮಲ್ಲಯ್ಯನಿಗೆ ಹರಕೆ ಹೊತ್ತಿದ್ದ. ನಾನು ಎದ್ದು ಕೂತೆ. ಕೂತವನು ಸುಮ್ಮನೆ ಕೂಡಬೇಕಿತ್ತು! ಯುಗಾದಿ ಹತ್ತಿರ ಬಂದು, ಓಣಿಯ ಸೈಕಲ್ ಯಾತ್ರೆಯವರು ಹೊರಡುವ ದಿನ ಗೊತ್ತಾದ ಕೂಡಲೇ, "ಅಣ್ಣಾ, ಸೈಕಲ್ ತಯಾರಿ ನನಗ ಬಿಡು" ಎಂದುಬಿಟ್ಟೆ.

ಗ್ರೀಸು ಹಾಕಿಸೆಂದು ಸೈಕಲ್ ಅಂಗಡಿಯವನು ಹೇಳಿದ. ನನಗೆ ಮನಸ್ಸು ಬರಲಿಲ್ಲ. ಮಲ್ಲಯ್ಯನ ಹತ್ತಿರ ಹೋಗುವ ಗಾಡಿಗೆ ಆ ಕರೀ ಹೊಲಸೇ? ಮನೆಯಲ್ಲಿ ಗಾಣದ ಕುಸುಬೆ ಎಣ್ಣೆ ಡಬ್ಬಿ ತುಂಬ ಇತ್ತು. ರೊಟ್ಟಿ, ಚಟ್ನಿಯ ಜೊತೆ ಹೊಟ್ಟೆಗೆ ಇಳಿಯುವಂಥದ್ದು ಚಕ್ರಕ್ಕೆ ಇಳಿಯದೇ? ಎರಡೂ ಗಾಲಿ, ಪೆಡಲ್, ಚೈನು ಎಲ್ಲವನ್ನೂ ಬಿಚ್ಚಿ, ಇದ್ದಬದ್ದ ಗ್ರೀಸು ಒರೆಸಿ, ಕುಸುಬೆ ಎಣ್ಣೆಯಲ್ಲಿ ಅಭ್ಯಂಜನ ಮಾಡಿಸಿದೆ.

ಮೊದಲ ದಿನ ಗಾಲಿ ಬುಗುರಿಯಂತೆ ತಿರುಗಿತು. "ನಮ್ಮ ಈರ್ಯಾ ತನ್ನ ಕೈಲೇ ತಯಾರ ಮಾಡ್ಯಾನ" ಎಂದು ಅಣ್ಣ ಓಣಿಗೆಲ್ಲ ಸಾರಿದ. ನಾನು ತಲೆ ಬಾಗಿಸಿ ಪ್ರಶಂಸೆ ಸ್ವೀಕರಿಸಿದೆ.

ಕೆಲವು ದಿನ ಕಳೆದು, ಆಲಮೇಲದ ಕಡೆ ರೂಢಿಗೆಂದು ಹೋದ ಅಣ್ಣ ಬೆವರು ಸುರಿಸುತ್ತ ಬಂದು ಕಟ್ಟೆಯ ಮೇಲೆ ಕುಸಿದ.

"ಯಾಕೋ ತುಳ್ಯಾಕ ಆಗವಲ್ದೋ ತಮ್ಮಾ."

"ಇನ್ನಷ್ಟು ಎಣ್ಣಿ ಬೇಕಾಗೇತಿ ತಡಿ" ಎಂದೆ. ಇನ್ನೂ ಸುರಿದೆ. ಎಣ್ಣೆ ಒಳಗೆ ಇಳಿಯಲೆಂದು ಸೈಕಲ್ಲನ್ನು ಎರಡು ದಿನ ರಣಬಿಸಿಲಿಗೆ ನಿಲ್ಲಿಸಿದೆ. ಮೂರನೆಯ ದಿನ ಅಣ್ಣ ಬಸ್‌ಸ್ಟ್ಯಾಂಡಿನಿಂದಲೇ ಸೈಕಲ್ಲು ತಳ್ಳಿಕೊಂಡು ತಿರುಗಿ ಬಂದ.

ನನ್ನ ಹೆಂಡತಿ ಗಂಗವ್ವ ಚೈನು ಮುಟ್ಟಿದಳು. ಬೆರಳು ಅಲ್ಲೇ ಅಂಟಿತು.

"ಇದಕ್ಕ ಏನ ಹಾಕೀರಿ?"

"ಕುಸುಬಿ ಎಣ್ಣಿ."

"ಅಯ್ಯ ನನ ಶಿವನ! ಬಿಸಲಿಗೆ ಅದು ಬೆಲ್ಲದ ಪಾಕದಂಗ ಅಂಟಾಗ್ತೈತ್ರಿ! ಎಣ್ಣಿ ಡಬ್ಬಿ ಬಾಯಿ ಹೆಂಗ ಜಿಗಿಜಿಗಿ ಆಗಿರ್ತೈತಿ, ಒಮ್ಮೆರ ನೋಡೀರೇನು? ಹೋಗ್ರಿ, ನಿಮ್ಮ ಅಣ್ಣಾರಿಗೆ ಹೇಳ್ರಿ."

ಹೇಳಲೆಂದೇ ಹೋದೆ. ಅಣ್ಣ ಮೊಣಕಾಲು ನೀವಿಕೊಳ್ಳುತ್ತ ಕೂತಿದ್ದ. "ಸೈಕಲ್ ನೀ ಛಲೋನ ಮಾಡಿದಿ. ನನ್ನ ಕಾಲಾಗ ಕಸುವು ಉಳದಿಲ್ಲೋ. ವಯಸ್ಸಾತು" ಎಂದ. ಅವನ ಕಣ್ಣು ತುಂಬಿತ್ತು. ನಾನು ಬಾಯಿ ತೆರೆದೆ. ಬಾಯಿಂದ ಬಂದದ್ದು, "ಅಂಟಿನ ಉಂಡಿ ತಿನ್ನು ಅಣ್ಣಾ, ಕಸುವು ಬರ್ತೈತಿ!" ಎಂಬ ಮಾತು.

ಅತ್ತಿಗೆ ಗೋಂದು, ಬೆಲ್ಲ, ಕೊಬ್ಬರಿ ಹಾಕಿ ಉಂಡಿ ಕಟ್ಟಿದಳು. ಸೈಕಲ್ಲಿಗೂ ಅಂಟು, ಸವಾರನಿಗೂ ಅಂಟು! ಅಣ್ಣ ತಿಂದ, ತುಳಿದ, ಸೋತ. ಅವನು ಸೋತಷ್ಟೂ ನನಗೆ ಅನ್ನ ಇಳಿಯದಾಯಿತು. "ಇವತ್ತರ ಹೇಳಿದ್ರಿ?" ಎಂದು ಗಂಗವ್ವ ದಿನಾ ಕೇಳುವಳು. "ಇವತ್ತ ದಿನ ಛಲೋ ಇಲ್ಲ" ಎಂದು ನಾನು ದಿನಾ ಹೇಳುವೆ.

ಹೊರಡುವ ಹಿಂದಿನ ದಿನ ಅಣ್ಣ ಗುಡಿಯ ಮುಂದೆ, ಎಲ್ಲರೆದುರು, ಯಾತ್ರೆಯ ಹಿರಿಯರಾದ ಶಿವಣಗೌಡರಿಗೆ ಕೈ ಮುಗಿದ. "ನನ್ನಿಂದ ಆಗೂದಿಲ್ರಿ ಗೌಡ್ರ. ಮಲ್ಲಯ್ಯನ ಮುಂದ ಸುಳ್ಳ ಆದೆ."

ಗೌಡರು ಯೋಚಿಸಿ ತೀರ್ಪು ಕೊಟ್ಟರು. "ಸುಳ್ಳ ಯಾಕ ಆಗ್ತಿ? ಹರಕಿ ಯಾರ ಜೀವಕ್ಕ ಹೊತ್ತಿದ್ದಿ, ಅವನೇ ತೀರಿಸಲಿ. ಈರಣ್ಣ ಈಗ ಗುಂಡಕಲ್ಲಿನಂಗ ಅದಾನ. ಅವನೇ ಬರಲಿ!"

ನಾನು ಮೆಲ್ಲಗೆ ಕಂಬದ ಹಿಂದೆ ಸರಿದೆ. ಅಂಥ ಹೊತ್ತಿನಲ್ಲೂ ಅಣ್ಣ, "ಬ್ಯಾಡ್ರಿ, ಕಾಮಣಿ ಆದ ಮೈ ಅದು" ಎಂದು ನನ್ನ ಪರವಾಗಿ ಬೇಡಿಕೊಂಡ. ಗೌಡರು ಕೇಳಲಿಲ್ಲ. "ಏರಲೇ, ಒಂದು ಸುತ್ತ ಹೊಡಿ ನೋಡೂಣು!"

ಏರಿದೆ. ಪೆಡಲ್ ಮೇಲೆ ನಿಂತೆ. ಪೆಡಲ್ಲೂ ನನ್ನ ಜೊತೆ ನಿಂತಿತು! ಹಲ್ಲು ಕಚ್ಚಿ ತುಳಿದಾಗ ಗಾಲಿ ಅರ್ಧ ಸುತ್ತು ತಿರುಗಿತು. ಶ್ರೀಶೈಲ ಅಲ್ಲಿಂದ ಎಷ್ಟು ದೂರವೆಂದು ನೆನೆದೆ. ಇಳಿದು ಅಣ್ಣನ ಕಾಲು ಹಿಡಿದು, ಕುಸುಬೆ ಎಣ್ಣೆಯ ಕತೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ. ನಿಜ ಹೇಳಿಸಿದ್ದು ನನ್ನ ಆತ್ಮಸಾಕ್ಷಿ ಎಂದು ಬರೆಯಲು ಆಸೆಯಿದೆ. ಹೇಳಿಸಿದ್ದು ಮೊಣಕಾಲು.

ಅಣ್ಣ ನನ್ನನ್ನೇ ನೋಡಿದ.

"ಹಂಗಾರ... ನನ್ನ ಕಾಲು ಬರೋಬ್ಬರಿ ಅದಾವು?"

"ಅದಾವಣ್ಣಾ."

ಅವನು ಮೊದಲು ತನ್ನ ತೊಡೆಗೆ ಹೊಡೆದುಕೊಂಡ, ಆಮೇಲೆ ನನ್ನ ಬೆನ್ನಿಗೆ ಹೊಡೆದ. ಬೆನ್ನಿನ ಸದ್ದೇ ಜೋರಾಗಿತ್ತು.

ಸಂಜೆ ಅಂಗಡಿಯವನು ಸೈಕಲ್ಲನ್ನೆಲ್ಲ ಸೀಮೆ ಎಣ್ಣೆಯಲ್ಲಿ ತೊಳೆದು ಗ್ರೀಸು ತುಂಬಿದ. ಬೆಳಗ್ಗೆ ಅಣ್ಣ ಹೊರಟ. ಅಂಟು ಸೈಕಲ್ಲು ತುಳಿದು ಪಳಗಿದ ಕಾಲಿಗೆ ಈಗ ಎದುರಿಲ್ಲ! "ನಿಮ್ಮಣ್ಣನ್ನ ಹಿಡ್ಯಾಕ ಆಗವಲ್ದು" ಎಂದು ದಾರಿಯಿಂದ ಗೌಡರೇ ಫೋನು ಮಾಡಿದರು. ನನ್ನ ತಯಾರಿಯ ಗುಣವೆಂದು ಎದೆ ಉಬ್ಬಿಸಿದೆ. ಗಂಗವ್ವ ಲಟ್ಟಣಿಗೆ ಎತ್ತಿಕೊಂಡಳು.

ಶ್ರೀಶೈಲ ಮುಟ್ಟಿದ ದಿನ ಅಣ್ಣನ ಫೋನು ಬಂತು.

"ಹರಕಿ ತೀರ್ತೋ ತಮ್ಮಾ. ನಿನ್ನ ಹೆಸರಲೆ ಇನ್ನೊಂದು ಹೊತ್ತೇನಿ."

"ನನಗ ಆರಾಮ ಐತಲ್ಲೋ ಅಣ್ಣಾ!"

"ಮೈಗೆ ಅಲ್ಲಲೇ. ನಿನಗ ಬುದ್ಧಿ ಬರಲಿ ಅಂತ. ಅದಕ್ಕ ಸೈಕಲ್ ಸಾಲಂಗಿಲ್ಲ ಅನಿಸ್ತು. ನಡಕೊಂತ ಬರ್ತೇನಿ ಅಂದೇನಿ."