ಮೊಮ್ಮಗಳ ಎಲ್ಫ್‌ಗೆ ನಾನು ಆರಿಸಿದ ಹಚ್ಚೆ

ಮುಖವನ್ನು ಬೆಳಿಗ್ಗೆ ತೊಳೆಯಬೇಕು, ಕ್ಷೌರ ಮಾಡಬೇಕು, ಆಮೇಲೆ ಅದರ ಗೊಡವೆಗೆ ಹೋಗಬಾರದು ಎಂಬುದು ನನ್ನ ಮತ. ನಮ್ಮ ಮನೆಯಲ್ಲಿ ಹಚ್ಚೆ ಇದ್ದದ್ದು ದೊಡ್ಡಮ್ಮನ ಮುಂಗೈಯಲ್ಲಿ ಮಾತ್ರ. ಅರ್ಥ ಕೇಳಿದರೆ, "ಅರ್ಥ ಎಂತದು? ನೋವಾಗಿತ್ತು, ಅಷ್ಟೇ" ಎನ್ನುತ್ತಿದ್ದರು. ಮುಖದ ಗೆರೆಗಳಿಗೆ ಅರ್ಥವಿದೆ ಎಂದು ನಾನು ಒಪ್ಪಿದ್ದು ಯಕ್ಷಗಾನದಲ್ಲಿ. ಅಲ್ಲಿ ಬಣ್ಣ ನೋಡಿದರೆ ಸಾಕು, ಬಂದವನು ರಾಜನೋ ರಕ್ಕಸನೋ ತಿಳಿಯುತ್ತದೆ. ಅವನು ಬಾಯಿ ತೆರೆಯುವವರೆಗೆ ಕಾಯಬೇಕಾಗಿಲ್ಲ. ಶಾಲೆಯಲ್ಲೂ ಇಂಥದೊಂದು ಏರ್ಪಾಡಿದ್ದರೆ ವ್ಯಾಯಾಮ ಶಿಕ್ಷಕನಾಗಿದ್ದ ನನಗೆ ಬಹಳ ಉಪಕಾರವಾಗುತ್ತಿತ್ತು.

ಇಂಥ ನನ್ನನ್ನು ಮೊಮ್ಮಗಳು ಶ್ರಾವ್ಯ ಒಂದು ಸಂಜೆ ಕಂಪ್ಯೂಟರಿನ ಮುಂದೆ ಕೂರಿಸಿದಳು. ಬಲ್ಮಠದ ಕಾಲೇಜಿನ ಗೆಳತಿಯರ ಜೊತೆ ಅವಳು ಆಡುವ ಆಟದಲ್ಲಿ ಎಲ್ಫ್ ಎಂಬ ಕಾಡಿನ ಜನರಿದ್ದಾರೆ. ಕಿವಿ ಚೂಪು, ನಡಿಗೆ ಹಗುರ. ಪ್ರಾಯಕ್ಕೆ ಬಂದ ಎಲ್ಫ್‌ನ ಮುಖಕ್ಕೆ ಹಚ್ಚೆ ಹಾಕುತ್ತಾರೆ. ಮುಂದೆ ಅದು ಮಾಡಬೇಕಾದ ಕೆಲಸವನ್ನು ಆ ಹಚ್ಚೆಯೇ ಹೇಳುತ್ತದೆ. ಆರಿಸುವ ಹಕ್ಕು ಹಿರಿಯರದು, ಅದೂ ಅರ್ಥ ತಿಳಿಯದೆ.

"ಅಜ್ಜ, ನಮ್ಮ ಟೀಮಿನಲ್ಲಿ ಹಿರಿಯರು ಯಾರೂ ಇಲ್ಲ. ನೀವೇ ಆರಿಸಿ. ಆಮೇಲೆ ಬದಲಾಯಿಸ್ಲಿಕ್ಕೆ ಆಗುದಿಲ್ಲ, ನೋಡಿ ಮಾಡಿ," ಎಂದಳು.

ಪರದೆಯಲ್ಲಿ ಬಳ್ಳಿ, ಕೊಂಬೆ, ಸುಳಿ ಎಲ್ಲ ಇದ್ದವು. ನನಗೆ ಹಿಡಿಸಿದ್ದು ಹಣೆಯಿಂದ ಗಲ್ಲದವರೆಗೆ ನೇರವಾಗಿ ಇಳಿದ ಗೆರೆಗಳು, ಮೈದಾನದಲ್ಲಿ ಸುಣ್ಣ ಹಾಕಿದ ಟ್ರ್ಯಾಕಿನ ಹಾಗೆ. ಒತ್ತಿದೆ. ಅರ್ಥ ಮೂಡಿತು: ದ್ವಾರಪಾಲಕಿ. ಊರಬಾಗಿಲು ಬಿಟ್ಟು ಕದಲುವಂತಿಲ್ಲ. ಕತ್ತಲಾದ ಮೇಲೆ ಯಾರಿಗೂ ತೆರೆಯುವಂತಿಲ್ಲ.

ಗೆಳತಿಯರು ಕಾಡಿಗೆ ಹೊರಟರು. ಅದೇ ಪಯಣಕ್ಕೆಂದು ಶ್ರಾವ್ಯ ರಜೆಯಿಡೀ ಬಿಲ್ಲುವಿದ್ಯೆ ಕಲಿಸಿದ ಎಲ್ಫ್ ಬಾಗಿಲಲ್ಲಿ ನಿಂತಿತು. ಅವಳ ಮುಖ ಸಣ್ಣದಾಯಿತು. "ನಿಮಗೆ ಆ ಗೆರೆಯೇ ಬೇಕಿತ್ತಾ? ಇನ್ನು ನೀವೇ ನಿಲ್ಲಿ," ಎಂದು ಮೌಸನ್ನು ನನ್ನ ಕಡೆ ತಳ್ಳಿ ಎದ್ದು ಹೋದಳು.

ನಿಂತೆ. ಮುಚ್ಚುಮರೆ ಯಾಕೆ, ಸುಖವಾಗಿತ್ತು. ಸಂಜೆ ಸಂಜೆ ಬಂದ ವ್ಯಾಪಾರಿಗಳನ್ನೆಲ್ಲ ಸಾಲಾಗಿ ಒಳಗೆ ಬಿಟ್ಟೆ. ಸಾಲು ತಪ್ಪಿಸಿದವರನ್ನು ಹಿಂದಕ್ಕೆ ಕಳುಹಿಸಿದೆ. ಆ ಊರಿಗೆ ಶಿಸ್ತು ಬರತೊಡಗಿತ್ತು.

ಒಂದು ದಿನ ಆಟದೊಳಗೆ ಕತ್ತಲು ಕವಿದ ಮೇಲೆ ಗೆಳತಿಯರು ಬಾಗಿಲಿಗೆ ಬಂದರು. ಸ್ಪೀಕರಿನಲ್ಲಿ ರಿಜ್ವಾನಾ ಎಂಬ ಹುಡುಗಿ, "ಶ್ರಾವ್ಯಾ, ಬೇಗ ತೆಗಿ," ಎಂದಳು.

"ಶ್ರಾವ್ಯ ಇಲ್ಲ. ನಾನು ಅವಳ ಅಜ್ಜ. ಕತ್ತಲಾಗಿದೆ ಮಗಾ, ತೆರೆಯುವ ಹಾಗಿಲ್ಲ."

"ಅಜ್ಜ, ಹಿಂದೆ ತೋಳ ಉಂಟು ಮಾರಾಯ್ರೆ."

"ಅದನ್ನು ಹೊರಡುವಾಗ ಆಲೋಚಿಸಬೇಕಿತ್ತು."

ಅಡುಗೆಮನೆಯಿಂದ ನನ್ನ ಹೆಂಡತಿ, "ನಿಮ್ಮ ಶಿಸ್ತನ್ನು ಆ ತೋಳಕ್ಕೆ ಹೇಳಿ. ಮೊದಲು ಮಕ್ಕಳನ್ನು ಒಳಗೆ ಬಿಡಿ," ಎಂದಳು.

ತೆರೆದೆ. ಹುಡುಗಿಯರು ನುಗ್ಗಿದರು. ಆ ಕ್ಷಣವೇ ಎಲ್ಫ್‌ನ ಮುಖದಲ್ಲಿ ನನ್ನ ನೇರ ಗೆರೆಗಳನ್ನೆಲ್ಲ ಕತ್ತರಿಸಿ ಒಂದು ಅಡ್ಡಗೆರೆ ಎದ್ದಿತು. ಶ್ರಾವ್ಯ ಓಡಿಬಂದು ಓದಿದಳು: ನೇಮ ಮುರಿದವಳು, ಬಾಗಿಲಿಗೆ ಯೋಗ್ಯಳಲ್ಲ, ಎಲ್ಲಿಗೆ ಬೇಕಾದರೂ ಹೋಗಬಹುದು.

"ನೀವು ರೂಲ್ಸ್ ಮುರಿದ್ರಾ ಅಜ್ಜ? ನೀವಾ?" ಎಂದು ನಗುತ್ತ ಮೌಸನ್ನು ಕಸಿದುಕೊಂಡು ಕಾಡಿಗೆ ಹೊರಟಳು. ನನಗೂ ಸಂತೋಷವೇ. ಆದರೂ ಕೇಳಿದೆ, "ನಾಳೆ ಬಾಗಿಲಲ್ಲಿ ಯಾರು?"

"ಯಾರೂ ಇಲ್ಲ. ತೆರೆದೇ ಇರ್ತದೆ."

ಈಗಲೂ ತೆರೆದೇ ಇದೆ. ಶ್ರಾವ್ಯ ಸ್ನಾನಕ್ಕೆ ಹೋದಾಗ ಇಣುಕಿ ನೋಡುತ್ತೇನೆ. ಯಾರು ಯಾರೋ ಬರುತ್ತಾರೆ, ಹೋಗುತ್ತಾರೆ. ಊರಿಗೆ ಇದುವರೆಗೆ ಏನೂ ಆಗಿಲ್ಲ. ನನಗೆ ಬೇಸರವಿರುವುದು ಅದೊಂದೇ.