ಮರ್ಯಾದೆಗೆ ಹೊಡೆಸಿಕೊಂಡ ಲೇಸರ್

ವೈದ್ಯರ ಹತ್ತಿರವೂ ವಕೀಲರ ಹತ್ತಿರವೂ ಸುಳ್ಳು ಹೇಳಬಾರದು ಎಂದು ಹಿರಿಯರು ಹೇಳುತ್ತಾರೆ. ವಕೀಲರ ವಿಷಯದಲ್ಲಿ ನಾನು ಇದನ್ನು ಕಟ್ಟುನಿಟ್ಟಾಗಿ ಪಾಲಿಸಿದ್ದೇನೆ. ಈವರೆಗೆ ಒಬ್ಬ ವಕೀಲರನ್ನೂ ಕಾಣುವ ಪ್ರಸಂಗ ಬಂದಿಲ್ಲ. ವೈದ್ಯರ ವಿಷಯದಲ್ಲಿ ಮಾತ್ರ ನನ್ನ ನಡತೆ ಅಷ್ಟು ಶುದ್ಧವಾಗಿಲ್ಲ. ಹಲ್ಲಿನ ವೈದ್ಯರಿಗೆ ದಿನಕ್ಕೆರಡು ಸಲ ಹಲ್ಲುಜ್ಜುತ್ತೇನೆ ಎಂದಿದ್ದೇನೆ. ಸಕ್ಕರೆ ಕಾಯಿಲೆಯ ವೈದ್ಯರಿಗೆ ಬೆಳಿಗ್ಗೆ ನಾಲ್ಕು ಕಿಲೋಮೀಟರ್ ನಡೆಯುತ್ತೇನೆ ಎಂದಿದ್ದೇನೆ. ಇವುಗಳಿಂದ ಯಾರಿಗೂ ತೊಂದರೆಯಾಗಲಿಲ್ಲ. ಕಣ್ಣಿನ ವೈದ್ಯರಿಗೆ ಹೇಳಿದ ಸುಳ್ಳು ಮಾತ್ರ ನನ್ನನ್ನು ಲೇಸರ್ ಯಂತ್ರದ ಮುಂದೆ ತಂದು ಕೂರಿಸಿತು.

ನಾನು ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಬಾಯ್ಲರಿನ ಒತ್ತಡ ನೋಡಿ ಪುಸ್ತಕದಲ್ಲಿ ಬರೆಯುವ ಕೆಲಸ ಮಾಡಿ, ನಿವೃತ್ತನಾಗಿ ಶಿವಮೊಗ್ಗದ ಆಲ್ಕೊಳದಲ್ಲಿ ಮನೆ ಮಾಡಿಕೊಂಡವನು. ನನ್ನ ಕಣ್ಣಿನಲ್ಲೂ ಒತ್ತಡ ಎಂಬುದೊಂದಿದೆ, ಅದನ್ನೂ ಅಳೆಯುತ್ತಾರೆ ಎಂಬುದು ಗೊತ್ತಿರಲಿಲ್ಲ. ಗಾಂಧಿ ಬಜಾರಿಗೆ ಕನ್ನಡಕ ಬದಲಿಸಲು ಹೋದಾಗ ಅಂಗಡಿಯವರು ಯಾಕೋ ಅನುಮಾನಪಟ್ಟು ಕಣ್ಣಿನ ಆಸ್ಪತ್ರೆಗೆ ಕಳಿಸಿದರು. ಅಲ್ಲಿದ್ದವರು ನನ್ನ ಮಗಳ ವಯಸ್ಸಿನ ವೈದ್ಯೆ. ಎರಡೂ ಕಣ್ಣಿನಲ್ಲಿ ಒತ್ತಡ ಹೆಚ್ಚಿದೆ, ಇದು ಗ್ಲಾಕೋಮಾ ಎಂದರು. ನನಗೆ ನೋವಿಲ್ಲ, ಎಲ್ಲ ಕಾಣುತ್ತದೆ ಎಂದು ವಾದಿಸಿದೆ. ಈ ಕಾಯಿಲೆಯ ಸ್ವಭಾವವೇ ಹಾಗೆ, ನೋಟ ಅಂಚಿನಿಂದ ಸದ್ದಿಲ್ಲದೆ ಸವೆಯುತ್ತಾ ಬರುತ್ತದೆ, ಹೋದ ನೋಟ ಮತ್ತೆ ಬರುವುದಿಲ್ಲ ಎಂದು ಅವರು ವಿವರಿಸಿದರು. ಎಷ್ಟು ಸವೆದಿದೆ ಎಂದು ನೋಡಲು ಒಂದು ಯಂತ್ರದೊಳಗೆ ಮುಖವಿಡಿಸಿ, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಕೆಲವು ಸಲ ಏನೂ ಕಾಣದಿದ್ದರೂ, ಇಷ್ಟು ಹೊತ್ತಿಗೆ ಒಂದು ಚುಕ್ಕೆ ಬಂದಿರಬೇಕು ಎಂದು ಅಂದಾಜಿನ ಮೇಲೆ ಒತ್ತಿದೆ. ಕಾರ್ಖಾನೆಯಲ್ಲಿ ಹಿಂದಿನ ಗಂಟೆಯ ಅಂಕಿ ನೋಡಿ ಈ ಗಂಟೆಯದನ್ನು ಬರೆದು ಅಭ್ಯಾಸವಾದ ಕೈ ಅದು. ಬಾಯ್ಲರ್ ಯಾವತ್ತೂ ದೂರು ಹೇಳಿರಲಿಲ್ಲ. ಈ ಯಂತ್ರ ಮಾತ್ರ, ಈ ಮನುಷ್ಯನ ಉತ್ತರಗಳನ್ನು ನಂಬುವ ಹಾಗಿಲ್ಲ ಎಂದು ಅಚ್ಚು ಹಾಕಿ ಕೊಟ್ಟಿತು. ಮತ್ತೊಮ್ಮೆ ಕೂರಿಸಿದರು.

ದಿನಾ ಊಟವಾದ ಮೇಲೆ ಎರಡೂ ಕಣ್ಣಿಗೆ ಒಂದೊಂದು ಹನಿ ಔಷಧಿ ಎಂದಾಯಿತು. ಒಂದು ಹನಿ ಹಾಕುವುದೇನು ಮಹಾ ಎಂದು ಹಾಕಿಕೊಳ್ಳದವರು ಹೇಳುತ್ತಾರೆ. ಮೊದಲನೆಯದು ಹುಬ್ಬಿಗೆ, ಎರಡನೆಯದು ಮೂಗಿಗೆ ಬೀಳುತ್ತಿತ್ತು. ನನ್ನ ಹೆಂಡತಿ ವನಜ, ತಾನೇ ಹಾಕುತ್ತೇನೆಂದು ಬಂದಳು. ಇದು ಗಂಡಸು ತಾನೇ ಮಾಡಿಕೊಳ್ಳುವ ಕೆಲಸ ಎಂದು ಅವಳನ್ನು ಕಳಿಸಿಬಿಟ್ಟೆ. ಆಮೇಲೆ ವಾರಕ್ಕೆ ಎರಡು ದಿನ ನೆನಪಾಗುತ್ತಿತ್ತು. ಅದರಲ್ಲಿ ಒಂದು ದಿನ ಬೇಸರವಾಗುತ್ತಿತ್ತು. ನಾಲ್ಕು ತಿಂಗಳಾದ ಮೇಲೆ ವೈದ್ಯೆ ಒತ್ತಡ ನೋಡಿದರೆ ಅದು ಇದ್ದಲ್ಲೇ ಇತ್ತು. ದಿನಾ ಹಾಕಿಕೊಳ್ಳುತ್ತೀರಾ ಎಂದು ಕೇಳಿದರು. ಪಕ್ಕದಲ್ಲಿ ವನಜ ಕೂತಿದ್ದಳು. ಒಂದು ದಿನವೂ ತಪ್ಪಿಲ್ಲ ಎಂದೆ. ಹಾಗಿದ್ದರೆ ಲೇಸರ್ ಮಾಡೋಣ ಎಂದು ಅವರು ಮುಂದಿನ ವಾರಕ್ಕೆ ಬರೆದರು. ಆಗಲೇ ನಿಜ ಹೇಳಬಹುದಿತ್ತು. ಆದರೆ ವೈದ್ಯರಿಗೆ ಹೇಳಿದರೆ ವನಜಳಿಗೂ ಹೇಳಿದಂತೆ. ಹೆಂಡತಿಯ ಮುಂದೆ ಮರ್ಯಾದೆ ಉಳಿಸಿಕೊಳ್ಳಲು ಕಣ್ಣಿಗೆ ಲೇಸರ್ ಹೊಡೆಸಿಕೊಳ್ಳಲು ಒಪ್ಪಿದವನು ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಧೈರ್ಯ ತಂದುಕೊಳ್ಳಲು ಭದ್ರಾವತಿಗೆ ಹೋಗಿ ಸೆಲ್ವಂನನ್ನು ಕಂಡೆ. ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದ ಗೆಳೆಯ; ಅವನಿಗೂ ಇದೇ ಕಾಯಿಲೆ. ಲೇಸರ್ ಬಗ್ಗೆ ಕೇಳಿದರೆ, ಅದೇನೂ ನೋವಿಲ್ಲ ಎಂದ. ನಾನು ಅವನ ಎಡಗಡೆ ಕುರ್ಚಿಯಲ್ಲಿ ಕೂತೆ.

“ಈ ಕಡೆ ಬಂದು ಕೂತ್ಕೋ ಮಾರಾಯ” ಎಂದ ಸೆಲ್ವಂ. “ಆ ಕಡೆ ಕೂತ್ರೆ ನಿನ್ನ ಮಾತು ಮಾತ್ರ ಬರುತ್ತೆ, ನೀನು ಬರಲ್ಲ.”

ಬಲಗಡೆಗೆ ಹೋಗಿ ಕೂತೆ. ತಾನು ಲೇಸರ್ ಮಾಡಿಸಿದ್ದು ತಡವಾಗಿ, ಅದಕ್ಕೆ ಮುಂಚೆ ಎರಡು ವರ್ಷ ಡ್ರಾಪ್ಸ್ ಹಾಕಿಕೊಳ್ಳುತ್ತೇನೆಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ ಎಂದು ಅವನು ನಗುತ್ತಲೇ ಹೇಳಿದ. ಕ್ರೇನಿನ ಮೇಲಿನಿಂದ ನೆಲದ ಮೇಲಿನ ಬೋಲ್ಟು ನೋಡುತ್ತಿದ್ದ ಮನುಷ್ಯ, ಎದುರಿನ ಕಾಫಿ ಲೋಟಕ್ಕೆ ಮೇಜಿನ ಮೇಲೆ ಕೈ ಸವರಿದ. ಬಸ್ಸಿನಲ್ಲಿ ವಾಪಸು ಬರುವಾಗ ಒಂದೊಂದೇ ಕಣ್ಣು ಮುಚ್ಚಿ ಕಿಟಕಿಯ ಅಂಚು ಕಾಣುತ್ತದೆಯೇ ಎಂದು ನೋಡುತ್ತಾ ಬಂದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ಲೇಸರ್ ದಿನ ವನಜ ಹೊರಗೆ ಕೂತಳು. ಒಳಗೆ ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ, ಗದ್ದವನ್ನು ಯಂತ್ರಕ್ಕೆ ಆನಿಸಿ, ಕಣ್ಣಿನ ಮೇಲೆ ಒಂದು ಮಸೂರ ಒತ್ತಿ ಹಿಡಿದರು. ಆ ಸ್ಥಿತಿಯಲ್ಲಿ ಮನುಷ್ಯನಿಗೆ ಸತ್ಯ ತಾನಾಗಿಯೇ ಬರುತ್ತದೆ. ಮೇಡಂ, ನಾನು ಡ್ರಾಪ್ಸ್ ಸರಿಯಾಗಿ ಹಾಕಿಕೊಂಡಿಲ್ಲ ಎಂದೆ.

“ಗೊತ್ತು ಸಾರ್, ಅಲ್ಲಾಡಬೇಡಿ” ಎಂದರು ವೈದ್ಯೆ. “ಒಂದು ಬಾಟಲಿ ಒಂದೇ ತಿಂಗಳು ಬರೋದು. ನೀವು ನಾಲ್ಕು ತಿಂಗಳಾದ ಮೇಲೂ ಅದೇ ಬಾಟಲಿ ತಂದು ತೋರಿಸಿದ್ರಿ. ಅದಕ್ಕೇ ಲೇಸರ್ ಅಂದಿದ್ದು. ಮರೆಯೋರಿಗೆ ಇದೇ ಒಳ್ಳೇದು.”

ಹಸಿರು ಬೆಳಕು ಮಿಂಚಿತು, ಟಕ್ ಟಕ್ ಎಂದು ಸಣ್ಣ ಸದ್ದು. ಐದಾರು ನಿಮಿಷದಲ್ಲಿ ಒಂದು ಕಣ್ಣು ಮುಗಿಯಿತು, ಆಮೇಲೆ ಇನ್ನೊಂದು. ನೋವಾಗಲಿಲ್ಲ, ನೋವಾಗಬೇಕಾದದ್ದು ಮೊದಲೇ ಆಗಿತ್ತು. ವನಜಳಿಗೆ ಹೇಳಬೇಡಿ ಎಂದು ಕೇಳಿಕೊಂಡೆ. ಅವರು ಹೇಳುವುದಿಲ್ಲ ಎಂದರು. ಆದರೆ ಲೇಸರ್ ಫಲ ಕಾಣಲು ಕೆಲವು ವಾರ ಬೇಕು, ಅಲ್ಲಿಯವರೆಗೆ ಹನಿ ನಿಲ್ಲಿಸುವಂತಿಲ್ಲ ಎಂದರು.

ಹೊರಗೆ ಬಂದಾಗ ಕಣ್ಣು ಮಂಜಾಗಿತ್ತು. ವನಜ ಕೈ ಹಿಡಿದು ಮೆಟ್ಟಿಲು ಇಳಿಸಿದಳು. ಆಟೋ ಹತ್ತುವ ಹೊತ್ತಿಗೆ ಮಂಜು ಹೋಗಿ ಅಂಗಡಿಗಳ ಬೋರ್ಡಿನ ಸಣ್ಣಕ್ಷರವೂ ಕಾಣುತ್ತಿತ್ತು. ಕಾಣ್ತಿದೆಯಾ ಎಂದು ಕೇಳಿದಳು. ಇಷ್ಟು ವರ್ಷದಲ್ಲಿ ಅವಳು ರಸ್ತೆಯಲ್ಲಿ ಕೈ ಹಿಡಿದದ್ದು ಅದೇ ಮೊದಲು. ಇನ್ನೂ ಅಷ್ಟಾಗಿ ಇಲ್ಲ ಎಂದೆ.

“ಹಾಗಾದ್ರೆ ಇವತ್ತಿಂದ ಡ್ರಾಪ್ಸ್ ನಾನೇ ಹಾಕ್ತೀನಿ, ಸುಮ್ನಿರಿ” ಎಂದಳು.

ಅಂದಿನಿಂದ ಊಟವಾದ ತಕ್ಷಣ ನಾನು ಮಲಗುತ್ತೇನೆ, ಅವಳು ರೆಪ್ಪೆ ಎತ್ತಿ ಹಾಕುತ್ತಾಳೆ. ಹುಬ್ಬಿಗೆ ಒಂದು ಹನಿಯೂ ಬಿದ್ದಿಲ್ಲ. ಎರಡು ತಿಂಗಳಾದ ಮೇಲೆ ಇಬ್ಬರೂ ಆಸ್ಪತ್ರೆಗೆ ಹೋದೆವು. ಒತ್ತಡ ಚೆನ್ನಾಗಿ ಇಳಿದಿತ್ತು. ಡ್ರಾಪ್ಸ್ ದಿನಾ ಹಾಕುತ್ತಿದ್ದೀರಾ ಎಂದು ವೈದ್ಯೆ ಕೇಳಿದರು. ಒಂದು ದಿನವೂ ತಪ್ಪಿಲ್ಲ ಎಂದು ನಾನು ಎದೆಯುಬ್ಬಿಸಿ, ಆ ಕೋಣೆಯಲ್ಲಿ ಮೊದಲ ಸಲ ಎಲ್ಲರ ಎದುರಿಗೆ ನಿಜ ಹೇಳಿದೆ. ಅವರು ಸಮಾಧಾನದಿಂದ ತಲೆಯಾಡಿಸಿ, ವನಜಳ ಕಡೆ ತಿರುಗಿ ಕೇಳಿದರು: “ಹೌದಾ ಅಮ್ಮ?”